ಏಳರ ಮಗ್ಗಿ

ಮಂಡಿಪೇಟೆಯ ನಮ್ಮ ಸ್ಟುಡಿಯೊದ ಹಿಂದಿನ ಕೋಣೆಯಲ್ಲಿ
ಈಗ ಇನ್ವರ್ಟರ್ ಇದೆ, ಕಪ್ಪಿನ ಮೇಲೆ ಫೋಟೊ ಒತ್ತುವ ಯಂತ್ರ ಇದೆ.
ಸುಣ್ಣ ಬಳಿದು ಮೂರು ಸಲ ಆಯಿತು,
ಗೋಡೆ ಇನ್ನೂ ಹೈಪೊ ನಾರುತ್ತದೆ.

ಅಲ್ಲಿ ಯಲ್ಲೋಜಿರಾಯರು ನಿಲ್ಲುತ್ತಿದ್ದರು.
ಬ್ಯಾಂಕಿನವರ ಲೆಕ್ಕಕ್ಕೆ ಹೆಬ್ಬೆಟ್ಟು,
ಮಗ್ಗಿ ಮಾತ್ರ ಮೂವತ್ತರವರೆಗೆ ಬಾಯಲ್ಲೇ.
ಕೆಟ್ಟ ಟೈಮರನ್ನು ರಿಪೇರಿಗೆ ಕೊಟ್ಟವರಲ್ಲ.
ತೆಳು ನೆಗೆಟಿವಿಗೆ ಎರಡರ ಮಗ್ಗಿ, ದಟ್ಟ ಇದ್ದರೆ ಏಳರದ್ದು.
ಎರಡು ಓಡುತ್ತದೆ, ಏಳು ನಾಲಿಗೆಗೆ ತೊಡರುತ್ತದೆ;
ಅಷ್ಟೇ ವ್ಯತ್ಯಾಸ, ಅಷ್ಟೇ ಬೆಳಕು.

ಸಂಜೆ ಮಿಲ್ಲಿನ ಸೀಟಿ ಕೂಗಿ
ಮಗ್ಗಗಳೆಲ್ಲ ಒಟ್ಟಿಗೆ ಎದ್ದು
ಊರಿನ ಕರೆಂಟನ್ನು ಒಂದು ಗುಟುಕು ಕುಡಿದಾಗ
ಬಲ್ಬು ಮಂಕಾಗುತ್ತಿತ್ತು.
ಆಗ ರಾಯರು ಎಳೆದು ಎಳೆದು ಹೇಳುವರು
ಏಳೊಂದ್ಲಿ… ಏಳು. ಏಳೆರಡ್ಲಿ… ಹದಿನಾಲ್ಕು.
ಮಗ್ಗ ಆ ಕಡೆ ಎಳೆದದ್ದನ್ನು
ಮಗ್ಗಿ ಈ ಕಡೆ ತುಂಬುತ್ತಿತ್ತು.

ನನಗೆ ಹತ್ತು ವರ್ಷ. ಟ್ರೇ ಅಲುಗಿಸುವುದು ನನ್ನ ಕೆಲಸ,
ಮಲಗಿದ ಕೂಸಿನ ತೊಟ್ಟಿಲು ತೂಗಿದ ಹಾಗೆ, ಜೋರಾಗಿ ಅಲ್ಲ.
ಕಪ್ಪು ಮೊದಲು ಬರುತ್ತಿತ್ತು: ಕೂದಲು, ಹುಬ್ಬು, ಕೋಟಿನ ಗುಂಡಿ.
ಬಿಳಿ ಯಾವಾಗ ಬರುತ್ತೆ ಎಂದು ಕೇಳಿದ್ದೆ.
‘ಬಿಳಿ ಬರಲ್ಲ ಪುಟ್ಟಿ. ಬೆಳಕು ಮುಟ್ಟದೆ ಉಳಿದ ಕಾಗದ ಅದು.’

ಎನ್‌ಲಾರ್ಜರಿನ ಕೆಳಗೆ ಅವರ ಅಂಗೈ ನಡುಗುತ್ತಿತ್ತು.
ಬೇಕೆಂದೇ ನಡುಗಿಸುತ್ತಿದ್ದರು, ನಿಂತರೆ ಗೆರೆ ಬೀಳುತ್ತದೆಂದು.
ಯಾರದೋ ಕಣ್ಣಿನ ಗುಳಿಗೆ ಆ ಕೈ ನೆರಳು;
ನೆರಳು ಬಿದ್ದಲ್ಲೇ ಮುಖ ತಿಳಿಯಾಗುತ್ತಿತ್ತು.
ದಾವಣಗೆರೆಯ ಎಷ್ಟು ಗೋಡೆಗಳ ಮೇಲೆ
ಯಾರಿಗೂ ಕಾಣದೆ ಆ ಕೈ ಇದೆಯೋ.

ಯಂತ್ರವನ್ನು ಬೈಯುವವಳಲ್ಲ ನಾನು. ಅದು ನನ್ನ ಅನ್ನ.
ಅದರ ಕೆಂಪು ಕುಂಕುಮಕ್ಕಿಂತ ಕೆಂಪು.
ಆದರೆ ಶಾಯಿ ಕಾಗದದ ಮೇಲೆ ನೆಂಟರ ಹಾಗೆ ಕೂತಿರುತ್ತದೆ,
ಬೆಳ್ಳಿ ಒಳಗೆ ಹೋಗಿ ಚಪ್ಪಲಿ ಬಿಟ್ಟಿರುತ್ತದೆ.

ಮೊನ್ನೆ ಮಂಗಳವಾರ ಗುರುಬಸಮ್ಮ ಬಂದರು,
ಎಲ್‌ಐಸಿ ಕವರಿನಲ್ಲಿ ಅವರ ಅವ್ವ.
ಮಿಲ್ಲಿನ ರೀಲಿಂಗ್ ಖಾತೆಯಲ್ಲಿದ್ದಾಗಿನದು,
ಹಿಂದೆ ನಮ್ಮ ಸ್ಟುಡಿಯೊದ ನೀಲಿ ಮೊಹರು.
‘ನಾಕು ಕಾಪಿ ಬೇಕವ್ವಾ, ನಾಕು ಜನ ಇದೀವಿ.’

ಸ್ಕ್ಯಾನ್ ಮಾಡಿದೆ. ಮೂಲೆಯ ಮಡಿಕೆ ತೆಗೆದೆ.
ಕೂದಲ ತುಂಬ ಬಿಳಿ ಚುಕ್ಕಿ, ನೆಗೆಟಿವಿನ ಧೂಳು ಎಂದುಕೊಂಡು
ಹೇನು ಹೆಕ್ಕಿದ ಹಾಗೆ ಒಂದೊಂದೇ ಹೆಕ್ಕಿದೆ,
ಇಪ್ಪತ್ತಮೂರು.

ಗುರುಬಸಮ್ಮ ಪ್ರಿಂಟು ಹಿಡಿದು ಬಾಗಿಲಿಗೆ ಹೋದರು,
ಬಿಸಿಲಿಗೆ ಒಡ್ಡಿ ನೋಡಿದರು, ಹಳೆಯದನ್ನು ನೋಡಿದರು.
‘ಚಂದ ಬಂದೈತಿ.’
ಆಮೇಲೆ, ‘ತಲೆಯಾಗಿಂದೆಲ್ಲ ಎಲ್ಲಿಗೆ ಹೋತು?’
ಧೂಳಮ್ಮಾ, ತೆಗೆದೆ ಅಂದೆ.
‘ಧೂಳಲ್ಲವ್ವಾ, ಅರಳೆ ಅದು.
ಪಾಳಿ ಮುಗಿಸ್ಕಂಡು ಸೀದಾ ಬಂದು ಕುಂತಿದ್ಲು.
ಮನಿಗೆ ಹೋಗಿದ್ರೆ ಅಪ್ಪ ಹೊರಗೆ ಬಿಡ್ತಿರ್ಲಿಲ್ಲ.’

ರಾಯರ ಹತ್ತಿರ ಮೂರೇ ಎಳೆಯ ಬ್ರಷ್ಷಿತ್ತು,
ತುದಿ ನೆಕ್ಕಿ, ಧೂಳಿನ ಪ್ರತಿ ಚುಕ್ಕಿಗೂ ಕಪ್ಪು ತುಂಬುತ್ತಿದ್ದರು.
ಲೆನ್ಸು ಹಿಡಿದು ನೋಡಿದೆ: ಸೆರಗಿನ ಮೇಲೆ
ಅವರು ತುಂಬಿದ ಚುಕ್ಕಿಗಳಿದ್ದವು.
ಕೂದಲಿಗೆ ಬ್ರಷ್ ಮುಟ್ಟಿಸಿರಲಿಲ್ಲ.
ಕೇಳಿ ತಿಳಿದರೋ,
ಅವಳು ಎದ್ದು ಹೋದ ಸ್ಟೂಲಿನ ಮೇಲೆ ಕಂಡರೋ.

ಹೆಕ್ಕಿದ್ದನ್ನೆಲ್ಲ ವಾಪಸ್ ತಂದೆ. ಒಂದು ಗುಂಡಿ ಒತ್ತಿದರೆ
ಒಂದು ಚುಕ್ಕಿ, ಇಪ್ಪತ್ತಮೂರು ಸಲ.
ನಾಲ್ಕು ಕಾಪಿಗೆ ಒತ್ತಿ, ಸುಮ್ಮನೆ ನಿಂತು
ಏಳೊಂದ್ಲಿ ಏಳು ಎಂದು ಶುರುಮಾಡಿದೆ.
ಏಳ್ನಾಕ್ಲಿ ಇಪ್ಪತ್ತೆಂಟು ಅನ್ನುವಷ್ಟರಲ್ಲಿ
ನಾಲ್ಕೂ ಹೊರಗೆ ಬಿದ್ದಿದ್ದವು.

ಗುರುಬಸಮ್ಮ ದುಡ್ಡು ಎಣಿಸುತ್ತಿದ್ದರು.
ಮಿಕ್ಕ ಮಗ್ಗಿ ಬಾಯಲ್ಲೇ ಇತ್ತು.